ಸೆಕೆಂಡ್ಸ್ ಲೇಸರ್ ಮಷಿನ್‌ಗೂ ಕಂಪನಿ ಸಪೋರ್ಟ್ ಸಿಗುತ್ತೆ, ನಾನು ತಗೊಂಡಿದೀನಿ

ಹಾಸನದಲ್ಲಿ ಮೊಮೆಂಟೊ, ನೇಮ್‌ಪ್ಲೇಟ್ ಕೆಲಸ ಮಾಡೋ ನಮ್ಮೋರದ್ದೆಲ್ಲ ಒಂದೇ ರಾಗ, ಸೆಕೆಂಡ್ಸ್ ಮಷಿನ್ ತಗೊಂಡ್ರೆ ಕಂಪನಿಯೋರು ಫೋನೇ ಎತ್ತಲ್ಲ, ಕೆಟ್ರೆ ಗುಜರಿಗೇ ಅಂತ. ಈಗ ಅದೇ ಜನ ಅಂಗಡಿಗೆ ಬಂದು ಕಾಫಿ ಕುಡೀತಾ "ಹೆಂಗಣ್ಣ ಮಾಡ್ದೆ" ಅಂತ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ. ಅಲೈನ್‌ಮೆಂಟು, ಲೆನ್ಸ್ ಕ್ಲೀನಿಂಗು ಎಲ್ಲಾ ನಿಮಗೆ ಗೊತ್ತಿರೋದೇ, ಅದರ ತಂಟೆಗೆ ಹೋಗಲ್ಲ.

ಮಷಿನ್ 9060 ಬೆಡ್ಡು (900x600 ಎಂಎಂ), 80 ವ್ಯಾಟ್ ಗ್ಲಾಸ್ ಟ್ಯೂಬು (ಲೇಸರ್ ಬರೋದು ಇದರಿಂದ್ಲೇ), ರೂಯ್ಡಾ 6442 ಕಂಟ್ರೋಲರ್ (ಮಷಿನ್ ಓಡಿಸೋ ಬೋರ್ಡು). ಪೀಣ್ಯದಲ್ಲಿ ಅಕ್ರಿಲಿಕ್ ಬೋರ್ಡ್ ಮಾಡೋರೊಬ್ರು ಯೂನಿಟ್ ಮುಚ್ತಿದ್ರು, ಒಂದೂ ಮುಕ್ಕಾಲು ಲಕ್ಷ ಹೇಳಿ ಒಂದೂವರೆ ಹತ್ರಕ್ಕೆ ಬಂದ್ರು, ಟ್ಯೂಬ್ ತಣ್ಣಗಿಡೋಕೆ ನೀರು ಹರಿಸೋ ಚಿಲ್ಲರ್ ಸೇರಿ. ಗಾಡಿ ಬಾಡಿಗೆ, ಇಳಿಸೋ ಹುಡುಗ್ರಿಗೆ ಅಂತ ಒಂದು 12-13 ಸಾವಿರ. ತಂದು ಆನ್ ಮಾಡಿದ್ರೆ ಸ್ಕ್ರೀನಲ್ಲಿ ವಾಟರ್ ಪ್ರೊಟೆಕ್ಟ್ ಎರರ್, ಅಂದ್ರೆ ಟ್ಯೂಬಿಗೆ ನೀರು ಹರೀತಿಲ್ಲ ಅಂತ. ಅದನ್ನ ಹೆಂಗೋ ಸಮಾಧಾನ ಮಾಡಿ ಓಡಿಸಿದ್ರೆ 100 ಎಂಎಂ ಚೌಕ ಅಡ್ಡಕ್ಕೆ ಸರಿ, ಉದ್ದಕ್ಕೆ 93-94ಕ್ಕೇ ನಿಂತೋಗ್ತಿತ್ತು.

ಸ್ಟೆಪ್ ಲೆಂತ್ (ಮೋಟರ್ ಒಂದು ಹೆಜ್ಜೆಗೆ ಎಷ್ಟು ಸರಿಯುತ್ತೆ ಅನ್ನೋ ಅಳತೆ) ನಾವೇ ಲೆಕ್ಕ ಹಾಕಿ ಕೊಡ್ಬೋದಲ್ಲ ಅಂತೀರ. ಕೊಟ್ಟೆ, ಸೈಜೇನೋ ಸರಿ ಹೋಯ್ತು, ಆದ್ರೆ ಎನ್‌ಗ್ರೇವ್ ಮಾಡಿದ್ರೆ ಅಕ್ಷರದ ಅಂಚೆಲ್ಲ ಡಬಲ್ ಡಬಲ್, "ಅ" ಬರೆದ್ರೆ ಪಕ್ಕದಲ್ಲಿ ಅದರದ್ದೇ ನೆರಳು. ಹಳೇ ಓನರ್ ಬಾಟಲಿ ಕೆತ್ತೋಕೆ ರೋಟರಿ (ಬಾಟಲಿ ತಿರುಗಿಸೋ ಅಟ್ಯಾಚ್ಮೆಂಟು) ಹಾಕಿದಾಗ ಆಕ್ಸಿಲರೇಶನ್ನು, ಸ್ಪೀಡು, ಕಾಂಪೆನ್ಸೇಶನ್ನು ಎಲ್ಲದಕ್ಕೂ ಕೈಯಾಡಿಸಿದ್ರು, ಯಾವುದು ಮೊದಲು ಎಷ್ಟಿತ್ತು ಅಂತ ಅವರಿಗೇ ನೆನಪಿಲ್ಲ. ನನಗೆ ಬೇಕಾಗಿದ್ದು ಫ್ಯಾಕ್ಟರಿ ಪ್ಯಾರಾಮೀಟರ್ ಫೈಲ್, ಅಂದ್ರೆ ಈ ಸೆಟ್ಟಿಂಗೆಲ್ಲ ಮೊದಲಿದ್ದ ಹಂಗೆ ಇರೋ ಫೈಲು, ಅಷ್ಟೇ.

ಡೀಲರ್‌ಗೆ ಫೋನ್ ಮಾಡ್ದೆ. ಸೀರಿಯಲ್ ನಂಬರ್ ಹೇಳಿದ ತಕ್ಷಣ "ಸಾರ್ ಇದು ಬೇರೆಯವರ ಹೆಸರಲ್ಲಿದೆ, ನೀವು ಮೊದಲು ಎಎಂಸಿ ಮಾಡಿಸಿ" ಅಂದ್ರು, ಅದು ವರ್ಷದ ಸರ್ವೀಸ್ ಒಪ್ಪಂದ, 28 ಸಾವಿರ ಅಂತ ನೆನಪು, ಎಂಜಿನಿಯರ್ ಬಂದ್ರೆ ಓಡಾಟದ ಖರ್ಚು ಬೇರೆ. ಒಂದು ಫೈಲ್‌ಗೆ 28 ಸಾವಿರನಾ ಅಂತ ಬಿಟ್ಟೆ. ಆಮೇಲೆ ಬೆಂಗಳೂರಿಂದ ಪ್ರೈವೇಟ್ ಟೆಕ್ನಿಷಿಯನ್ ಕರೆಸಿದ್ದಾಯ್ತು, ಬೆಲ್ಟ್ ಟೈಟ್ ಮಾಡ್ದ, ವೈ ಡ್ರೈವರ್ (ಉದ್ದಕ್ಕೆ ಓಡಿಸೋ ಮೋಟರಿಂದು) ಹೋಗಿದೆ ಅಂದ, ಡ್ರೈವರ್ ಹಾಕ್ದ, ಏಳೆಂಟು ಸಾವಿರ ಇಸ್ಕೊಂಡು ಹೋದ. ನೆರಳು ಹಂಗೇ ಇತ್ತು. ಹೋಗೋವಾಗ ವಾಟರ್ ಪ್ರೊಟೆಕ್ಟ್‌ಗೆ ಒಂದು ವೈರ್ ಹಾಕಿ ಶಾರ್ಟ್ ಮಾಡ್ಬಿಡ್ಲಾ ಅಂದ, ಬೇಡಪ್ಪ ಅಂದೆ. ನೀರು ನಿಂತ್ರೂ ಲೇಸರ್ ಉರೀತಾ ಇದ್ರೆ ಟ್ಯೂಬ್ ಸೀಳೋಕೆ ಎಷ್ಟೊತ್ತು, ಟ್ಯೂಬ್ ಹೋದ್ರೆ 20 ಸಾವಿರದ ಮೇಲೆ ಯಾರು ಕೊಡ್ತಾರೆ.

ಆಮೇಲೆ ಡೀಲರ್‌ನ ಬಿಟ್ಟು ನೇರವಾಗಿ ಚೀನಾದ ಫ್ಯಾಕ್ಟರಿಗೇ ಬರೆಯೋಣ ಅಂತ ಕೂತೆ. ಫ್ಯಾಕ್ಟರಿ ಹೆಸರು ಎಲ್ಲಿಂದ ಅಂದ್ರೆ, ಮಷಿನ್ ಹಿಂದ್ಗಡೆ ಪ್ಲೇಟ್ ಇರುತ್ತಲ್ಲ, ನಂದರಲ್ಲಿ ಎಂಡಿಎಫ್ ಹಲಗೆ ಸುಟ್ಟ ಹೊಗೆ ಕೂತು ಬೆಲ್ಲದ ಪಾಕದ ಥರ ಅಂಟು. ಒರೆಸೋಕೆ ಮುಂಚೆ ಟಾರ್ಚ್ ಓರೆ ಹಿಡಿದು ಫೋಟೋ ತಗೊಳ್ಳಿ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಉಜ್ಜಿದ್ರೆ ಕೆಲವು ಪ್ಲೇಟಲ್ಲಿ ಪ್ರಿಂಟೇ ಎದ್ದು ಬರುತ್ತೆ. ಪೀಣ್ಯದೋರ ಹತ್ರ ಹಳೇ ಇನ್‌ವಾಯ್ಸ್ ಕಾಪಿ, ಜೊತೆಗೆ "ಈ ಸೀರಿಯಲ್ ನಂಬರ್ ಮಷಿನ್ ಇಂಥವರಿಗೆ ಮಾರಿದೀನಿ" ಅಂತ ಎರಡು ಸಾಲು, ಸೈನು, ಡೇಟು ಕೇಳ್ದೆ. ಜಿಎಸ್‌ಟಿ ತಲೆನೋವು ಬರುತ್ತೇನೋ ಅಂತ ಹಿಂದೇಟು ಹಾಕಿದ್ರು. ರೇಟ್ ಇರೋ ಜಾಗ ಮುಚ್ಚಿ ಫೋಟೋ ಹೊಡೀರಿ ಸಾರ್ ಅಂತ ಹೇಳಿ, ಒಂದು ಕೆಜಿ ಕಾಫಿಪುಡಿ ಕೊರಿಯರ್ ಮಾಡಿದ್ಮೇಲೆ ಕಳಿಸಿದ್ರು. ಈ ಚೀಟಿ ಇಲ್ದೆ ಮುಂದಿನದ್ಯಾವುದೂ ನಡೀತಿರ್ಲಿಲ್ಲ, ಮಷಿನ್ ತಗೊಳೋ ದಿನಾನೇ ಬರೆಸ್ಕೊಂಡ್ಬಿಡಿ.

ಮೊದಲು ಪುಟಗಟ್ಟಲೆ ಬರೆದು ಕಳಿಸಿದ ಮೇಲ್‌ಗಳಿಗೆ ಉತ್ರಾನೇ ಇರ್ಲಿಲ್ಲ. ಆಮೇಲೆ ಸ್ಟೈಲ್ ಬದಲಾಯಿಸ್ದೆ. ಒಂದು ಮೇಲ್‌ಗೆ ಒಂದೇ ಪ್ರಶ್ನೆ, ಮೂರ್ನಾಲ್ಕು ಸಣ್ಣ ಇಂಗ್ಲಿಷ್ ವಾಕ್ಯ, ಪ್ಲೇಟ್ ಫೋಟೋ, ಚೀಟಿ, ರೂಯ್ಡಾ ಸಾಫ್ಟ್‌ವೇರ್ ಆರ್‌ಡಿವರ್ಕ್ಸ್‌ನಲ್ಲಿ ರೀಡ್ ಮಾಡಿ ಸೇವ್ ಮಾಡಿದ ಈಗಿನ ಪ್ಯಾರಾಮೀಟರ್ ಫೈಲು, ನೆರಳು ಬೀಳೋದು ಕಾಣೋ ಹಂಗೆ ಇಪ್ಪತ್ತು ಸೆಕೆಂಡ್ ವಿಡಿಯೋ. ಮಷಿನ್ ಕೆಲಸ ಮಾಡ್ತಿಲ್ಲ ಹೆಲ್ಪ್ ಮಾಡಿ ಅಂತ ಅಳಬಾರ್ದು, ನನಗೆ ಈ ಫೈಲ್ ಬೇಕು ಅಂತ ಕೇಳ್ಬೇಕು. ಸಬ್ಜೆಕ್ಟ್ ಲೈನಲ್ಲಿ ಏನು ಹಾಕ್ದೆ ಅನ್ನೋದು ಮಾತ್ರ ನನ್ನ ಹತ್ರಾನೇ ಇರ್ಲಿ. ಚೀನಾ ಟೈಮ್ ನಮಗಿಂತ ಎರಡೂವರೆ ಗಂಟೆ ಮುಂದೆ, ನಮ್ಮ ಬೆಳಗ್ಗೆ 6:30 ಅಂದ್ರೆ ಅವರಿಗೆ 9, ಆಗ ಕಳಿಸಿದ್ರೆ ಅವರ ಇನ್‌ಬಾಕ್ಸ್ ಮೇಲ್ಗಡೆ ಕೂತಿರುತ್ತೆ. ಅಕ್ಟೋಬರ್ ಮೊದಲನೇ ವಾರ ಅವರಿಗೆ ರಜೆ, ಆಮೇಲೆ ಜನವರಿ-ಫೆಬ್ರವರೀಲಿ ಅವರ ಹೊಸ ವರ್ಷ, ಆಗ ಕಳಿಸಿ ಪ್ರಯೋಜನ ಇಲ್ಲ. ನಮ್ಗೆ ನೋಡಿದ್ರೆ ಹಾಸನಾಂಬೆ ಬಾಗಿಲು ತೆಗೆಯೋದು, ರಾಜ್ಯೋತ್ಸವದ ಮೊಮೆಂಟೊ ಆರ್ಡರು ಎಲ್ಲಾ ಅಕ್ಟೋಬರ್ ಸುತ್ತಮುತ್ತಾನೇ, ಅದಕ್ಕೆ ಸೆಪ್ಟೆಂಬರ್ ಒಳಗೇ ಮುಗಿಸ್ಕೊಳ್ಳಿ.

ಒಂದೆರಡು ದಿನಕ್ಕೆ ರಿಪ್ಲೈ ಬಂತು, ಕಂಟ್ರೋಲರ್ ಮೇಲಿನ ಲೇಬಲ್ಲು, ಮೇನ್‌ಬೋರ್ಡ್ ವರ್ಶನ್ ಸ್ಕ್ರೀನ್‌ದು ಫೋಟೋ ಕೇಳಿದ್ರು. ಸಂಜೆಗೆ ಫೈಲ್ ಬಂತು, ಫ್ರೀ. ವೆಂಡರ್ ಸೆಟ್ಟಿಂಗ್ಸ್‌ಗೆ ಹಾಕಿ ರೈಟ್ ಕೊಟ್ಟು ಆಫ್-ಆನ್ ಮಾಡ್ದೆ, ನೆರಳು ಹೋಯ್ತು, ಚೌಕ 100ಕ್ಕೆ 100. ಅದೇ ಗುಂಗಲ್ಲಿ ಮಾರನೇ ದಿನ ವೈರಿಂಗ್ ಡಯಾಗ್ರಾಮ್ ಕೇಳ್ದೆ, ಅದೂ ಬಂತು. ಅದನ್ನ ನೋಡ್ಕೊಂಡು ಮಲ್ಟಿಮೀಟರ್ ಹಿಡಿದ್ರೆ ನೀರು ಓಡ್ತಿದ್ರೂ ಫ್ಲೋ ಸೆನ್ಸರ್ ಒಂದ್ಸಲ ಬೀಪು, ಒಂದ್ಸಲ ಸುಮ್ನೆ. ಬಿಚ್ಚಿದ್ರೆ ಒಳಗೆ ಹಸಿರು ಪಾಚಿ. ಎಸ್‌ಪಿ ರೋಡಿಂದ 400-500 ರೂಪಾಯಿದು ಹೊಸದು ತರಿಸಿ ಹಾಕ್ದೆ, ಡಿಸ್ಟಿಲ್ಡ್ ವಾಟರ್ ತುಂಬಿಸ್ದೆ, ಅವತ್ತಿಂದ ವಾಟರ್ ಪ್ರೊಟೆಕ್ಟ್ ಎರರ್ ಬಂದಿಲ್ಲ. ಈಗ ಲೆನ್ಸು, ಮಿರರ್ ಬೇಕಂದ್ರೂ ಅವರೇ ನನ್ನ ಹೆಸರಲ್ಲಿ ಕೊಟೇಶನ್ ಕಳಿಸ್ತಾರೆ.

ಮಷಿನ್ ಸೆಟ್ ಆದ್ಮೇಲೆ ಸುಮ್ನೆ ಕೂರೋಕಾಗ್ದೆ ಸಕಲೇಶಪುರದ ಎಸ್ಟೇಟೊಂದರಿಂದ ಸಿಲ್ವರ್ ಓಕ್ ತುಂಡು ತಂದು ಹೋಮ್‌ಸ್ಟೇ ನೇಮ್‌ಪ್ಲೇಟ್ ಕೆತ್ತೋಕೆ ನೋಡ್ದೆ. ಮರದಲ್ಲಿ ಮಿಂಚೋ ಚುಕ್ಕೆ ಇರುತ್ತಲ್ಲ, ಅಲ್ಲಿ ಸುಡೋದೇ ಬೇರೆ, ಪಕ್ಕದಲ್ಲಿ ಸುಡೋದೇ ಬೇರೆ, ಅಕ್ಷರ ಕಲೆ ಕಲೆ. ಪವರ್ ಕಮ್ಮಿ ಮಾಡಿ ಎರಡು ಪಾಸ್ ಕೊಟ್ರೆ ಪರವಾಗಿಲ್ಲ, ಕೆತ್ತೋಕೆ ಮುಂಚೆ ಏನೋ ಒಂದು ಹಚ್ತೀನಿ, ಅದು ಬಿಸಿನೆಸ್ ಕಣ್ರೀ, ಹೇಳಲ್ಲ. ಕಪ್ಪು ಗ್ರಾನೈಟ್ ಪಾಲಿಶ್ ಪೀಸಲ್ಲಿ ಮಾತ್ರ ಫೋಟೋ ಮೊದಲನೇ ಸಲಕ್ಕೇ ಬೆಳ್ಳಗೆ ಚೆನ್ನಾಗಿ ಬಂತು.

ಒಟ್ಟು ಲೆಕ್ಕ ಹಾಕಿದ್ರೆ ಮಷಿನ್ನು, ಸಾಗಾಣಿಕೆ, ದಂಡ ಕಟ್ಟಿದ ಟೆಕ್ನಿಷಿಯನ್ನು ಎಲ್ಲಾ ಸೇರಿ 1.75 ಲಕ್ಷದ ಒಳಗೇ ಇದೆ. ಇದೇ ಸೈಜಿನ ಹೊಸದಕ್ಕೆ ನನಗೆ ಕೊಟ್ಟಿದ್ದ ಕೊಟೇಶನ್ ಮೂರು ಲಕ್ಷದ ಮೇಲಿತ್ತು.

ಈಗ ಚಿಕ್ಕಮಗಳೂರಲ್ಲಿ ಇನ್ನೊಂದು ನೋಡಿಟ್ಟಿದೀನಿ, ಹಳೇ ಲೀಟ್ರೋ ಬೋರ್ಡಿಂದು, ರೂಯ್ಡಾ ಥರಾನೇ ಇನ್ನೊಂದು ಕಂಟ್ರೋಲರ್. ಅದರ ಲೇಸರ್‌ಕಟ್ ಸಾಫ್ಟ್‌ವೇರ್ ಯುಎಸ್‌ಬಿ ಡಾಂಗಲ್ (ಕಂಪ್ಯೂಟರಿಗೆ ಚುಚ್ಚೋ ಬೀಗದ ಕೀ ಥರದ್ದು) ಇಲ್ದೆ ಕೆಲಸ ಮಾಡಲ್ಲ, ಓನರ್ ನೋಡಿದ್ರೆ ಡಾಂಗಲ್ ಮನೇಲೆಲ್ಲೋ ಇದೆ ಅಂತಿದಾರೆ. ಡಾಂಗಲ್ ಕೈಗೆ ಬಂದು, ಸಾಫ್ಟ್‌ವೇರ್ ಓಪನ್ ಮಾಡಿ ತೋರಿಸಿ, ಎರಡು ಸಾಲಿನ ಚೀಟಿಗೆ ಸೈನ್ ಹಾಕಿದ್ಮೇಲೇ ಅಡ್ವಾನ್ಸ್ ಅಂತ ಹೇಳಿ ಬಂದಿದೀನಿ.