ಹಿತ್ತಲಿನಲ್ಲಿ ಸಿಹಿಗೆಣಸು ಬೆಳೆಯುವ ಬಗೆ

ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿಯ ಜೊತೆ ಬೇಯಿಸುವ ಗೆಣಸು ನಮ್ಮ ಹಿತ್ತಲಿನದೇ ಆಗಿರಬೇಕೆಂದು ಬಯಸುವವರು ಸೆಪ್ಟೆಂಬರ್ ಮೊದಲ ಹದಿನೈದು ದಿನಗಳಲ್ಲೇ ಬಳ್ಳಿ ನೆಡಬೇಕು, ಏಕೆಂದರೆ ಹೆಚ್ಚಿನ ತಳಿಗಳಲ್ಲಿ ಗೆಡ್ಡೆ ತುಂಬಲು ಮೂರೂವರೆಯಿಂದ ನಾಲ್ಕು ತಿಂಗಳು ಬೇಕು.

ಆಲೂಗಡ್ಡೆಯ ಹಾಗೆ ಗೆಣಸನ್ನು ಹೋಳು ಮಾಡಿ ನೆಡುವುದಿಲ್ಲ. ಆಲೂಗಡ್ಡೆ ನೆಲದೊಳಗಿನ ಕಾಂಡ. ಗೆಣಸು ದಪ್ಪಗಾದ ಬೇರು. ಇಲ್ಲಿ ನಾಟಿಗೆ ಬೇಕಾದದ್ದು ಬಳ್ಳಿ, ಅದರಲ್ಲೂ ಅದರ ತುದಿಯ ಭಾಗ. ಮೂರು ನಾಲ್ಕು ಗೆಣ್ಣುಗಳಿರುವ, 20ರಿಂದ 30 ಸೆಂಟಿಮೀಟರ್ ಉದ್ದದ ತುಂಡುಗಳನ್ನು ಕತ್ತರಿಸಿ ಎರಡು ದಿನ ನೆರಳಿನಲ್ಲಿ ಇಟ್ಟು ನೆಟ್ಟರೆ ಬೇಗ ಬೇರು ಬಿಡುತ್ತವೆ. ಬಳ್ಳಿ ಎಲ್ಲಿಯೂ ಸಿಗದಿದ್ದರೆ ಹುಳುಕಿಲ್ಲದ ಗೆಣಸನ್ನು ಎರಡು ಮೂರು ತಿಂಗಳು ಮೊದಲೇ ಮರಳು ಬೆರೆತ ಮಣ್ಣಿನಲ್ಲಿ ಅಡ್ಡಲಾಗಿ ಹೂತು, ಹದವಾಗಿ ನೀರು ಚಿಮುಕಿಸಿ, ಚಿಗುರಿ ಬಂದ ಬಳ್ಳಿಯನ್ನು ಬಳಸಬಹುದು.

ಮಣ್ಣು ಸಡಿಲವಾಗಿರಬೇಕು, ನೀರು ನಿಲ್ಲಬಾರದು. ಜಿಗುಟು ಮಣ್ಣಿನಲ್ಲಿ ಗೆಡ್ಡೆ ಸೊಟ್ಟಗಾಗುತ್ತದೆ. ಆದ್ದರಿಂದ ಒಂದಡಿ ಎತ್ತರದ ದಿಂಡುಗಳನ್ನು ಎರಡಡಿ ಅಂತರದಲ್ಲಿ ಏರಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಿತವಾಗಿ ಬೆರೆಸಿ, 20 ಸೆಂಟಿಮೀಟರಿಗೊಂದರಂತೆ ತುಂಡುಗಳ ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಬೇಕು. ಮಿತವಾಗಿ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಸಾರಜನಕ ಹೆಚ್ಚಾದರೆ ಬಳ್ಳಿ ಹಿತ್ತಲು ತುಂಬ ಹಬ್ಬಿ ಕಣ್ಣಿಗೆ ತಂಪಾಗುತ್ತದೆಯೇ ಹೊರತು, ಅಗೆದಾಗ ಬೆರಳುಗಾತ್ರದ ಬೇರುಗಳಷ್ಟೇ ಸಿಗುತ್ತವೆ. ಗೆಡ್ಡೆಗೆ ಬೇಕಾದದ್ದು ಪೊಟ್ಯಾಶ್. ಒಲೆಯ ಬೂದಿಯನ್ನು ಸ್ವಲ್ಪ ಸೇರಿಸಿದರೆ ಅನುಕೂಲ.

ನೆಟ್ಟ ಮೊದಲ ಎರಡು ವಾರ ಮಣ್ಣು ಒಣಗದಂತೆ ನೋಡಿಕೊಂಡು, ಆಮೇಲೆ ವಾರಕ್ಕೊಮ್ಮೆ ಹತ್ತು ದಿನಕ್ಕೊಮ್ಮೆ ನೀರು ಕೊಟ್ಟರೆ ಸಾಕು. ಹಬ್ಬಿದ ಬಳ್ಳಿ ಗೆಣ್ಣುಗೆಣ್ಣಿಗೂ ಬೇರೂರಿದರೆ ಬುಡದ ಗೆಡ್ಡೆಗೆ ಹೋಗಬೇಕಾದ ಸತ್ವ ಹಂಚಿಹೋಗುತ್ತದೆ, ಆದ್ದರಿಂದ ಆಗಾಗ ಬಳ್ಳಿಯನ್ನು ಮೆಲ್ಲನೆ ಎತ್ತಿ ಅಲ್ಲಿಯೇ ಬಿಡಬೇಕು.

ಈ ಬೆಳೆಯ ನಿಜವಾದ ಶತ್ರು ಮೂತಿಹುಳು. ಗೆಡ್ಡೆ ದಪ್ಪಗಾಗುತ್ತಾ ಬಂದಂತೆ ದಿಂಡಿನ ಮಣ್ಣು ಬಿರುಕು ಬಿಡುತ್ತದೆ, ಆ ಬಿರುಕಿನಿಂದಲೇ ಹುಳು ಒಳಗಿಳಿದು ಗೆಡ್ಡೆಯಲ್ಲಿ ಮೊಟ್ಟೆಯಿಡುತ್ತದೆ. ನೆಟ್ಟು ಒಂದು ತಿಂಗಳಾದಾಗ ಒಮ್ಮೆ, ಎರಡು ತಿಂಗಳಾದಾಗ ಇನ್ನೊಮ್ಮೆ ಬುಡಕ್ಕೆ ಮಣ್ಣೇರಿಸಿ ಬಿರುಕು ಮುಚ್ಚುವುದು, ಅದೇ ಜಾಗದಲ್ಲಿ ಮರುವರ್ಷ ಗೆಣಸು ಹಾಕದಿರುವುದು, ಇವೆರಡೇ ಹಿತ್ತಲಿಗೆ ಸಾಕಾದ ಉಪಾಯಗಳು. ಹುಳು ಹೊಕ್ಕ ಗೆಣಸು ಕಹಿಯಾಗುತ್ತದೆ. ಅದನ್ನು ದನಗಳಿಗೂ ಹಾಕಬಾರದು.

ಎಲೆ ಹಳದಿಗೆ ತಿರುಗಿದಾಗ ಒಂದು ಗೆಡ್ಡೆಯನ್ನು ತೆಗೆದು ಕೊಯ್ದು ನೋಡಬೇಕು. ಕೊಯ್ದ ಜಾಗದ ಹಾಲು ಬೆಳ್ಳಗೇ ಒಣಗಿದರೆ ಬೆಳೆ ಬಲಿತಿದೆ; ಕಪ್ಪು ಹಸಿರಾದರೆ ಇನ್ನೂ ಕಾಯಬೇಕು. ಅಗೆಯುವಾಗ ಗುದ್ದಲಿಯನ್ನು ಬುಡದಿಂದ ದೂರಕ್ಕೆ ಹಾಕಿ ಕೈಯಿಂದ ಮಣ್ಣು ಬಿಡಿಸುವುದು ಮೇಲು, ಗಾಯವಾದ ಗೆಡ್ಡೆ ಬೇಗ ಕೊಳೆಯುತ್ತದೆ. ತೆಗೆದ ಗೆಣಸನ್ನು ತೊಳೆಯದೆ, ಬೆಚ್ಚಗಿರುವ ನೆರಳಿನಲ್ಲಿ ಒಂದು ವಾರ ಹರಡಿಟ್ಟರೆ ಸಿಪ್ಪೆ ಗಟ್ಟಿಯಾಗಿ ಒಳಗಿನ ಪಿಷ್ಟ ಸಿಹಿಗೆ ತಿರುಗತೊಡಗುತ್ತದೆ. ಫ್ರಿಜ್ಜಿನಲ್ಲಿ ಮಾತ್ರ ಇಡಬಾರದು, ಅಲ್ಲಿನ ಚಳಿಗೆ ನಡುಭಾಗ ಗಟ್ಟಿಯಾಗಿ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ.