ಬುಡಸಮೇತ ಬಿದ್ದ ಹಲ್ಲನ್ನು ಉಳಿಸಿಕೊಳ್ಳುವುದು ಹೇಗೆ?

ಒಂದು ಭಾನುವಾರ ಬೆಳಿಗ್ಗೆ ಮುಂಬಯಿಯ ಫೈವ್ ಗಾರ್ಡನ್ಸ್‌ನಲ್ಲಿ ಕ್ರಿಕೆಟ್ ಆಡುತ್ತಿದ್ದ ಹನ್ನೊಂದು ವರ್ಷದ ಹುಡುಗನ ಬಾಯಿಗೆ ಚೆಂಡು ಬಡಿಯಿತು. ಮುಂದಿನ ಹಲ್ಲು ಬುಡಸಮೇತ ಕಿತ್ತು ಬಂತು. ಅವನ ಸೋದರಮಾವ ನಮ್ಮ ಕ್ಲಿನಿಕ್‌ಗೆ ಓಡೋಡಿ ಬಂದರು. "ಹಲ್ಲೆಲ್ಲಿ?" ಎಂದು ಕೇಳಿದರೆ ಜೇಬಿನಿಂದ ಕರ್ಚೀಫು ತೆಗೆದರು. ಮಣ್ಣಾಗಿತ್ತು ಅಂತ ಮನೆಗೆ ಹೋಗಿ, ಸೋಪು ಹಚ್ಚಿ, ಬ್ರಷ್‌ನಲ್ಲಿ ಉಜ್ಜಿ, ಒರೆಸಿ ತಂದಿದ್ದರು. ಅಕ್ಕನ ಮಗನ ಮೇಲಿನ ಪ್ರೀತಿಯಿಂದಲೇ ಮಾಡಿದ್ದು. ಆದರೆ ಆ ಹಲ್ಲು ಉಳಿಯಲಿಲ್ಲ.

ಮಾಟುಂಗಾದ ಹಲ್ಲಿನ ಕ್ಲಿನಿಕ್ ಒಂದರಲ್ಲಿ 18 ವರ್ಷ ಸಹಾಯಕಿಯಾಗಿದ್ದೆ. ಇದೇ ತಪ್ಪನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಗುವನ್ನು ನೋಡಿ. ಪ್ರಜ್ಞೆ ತಪ್ಪಿದೆಯಾ, ವಾಂತಿ ಮಾಡುತ್ತಿದೆಯಾ? ಹಾಗಿದ್ದರೆ ತಲೆಗೂ ಪೆಟ್ಟು ಬಿದ್ದಿರಬಹುದು. ಹಲ್ಲಿನ ಮಾತು ಆಮೇಲೆ, ಮೊದಲು ಆಸ್ಪತ್ರೆ.

ಹಾಲುಹಲ್ಲೋ, ಶಾಶ್ವತ ಹಲ್ಲೋ? ಮುಂದಿನ ಹಲ್ಲುಗಳು ಸಾಮಾನ್ಯವಾಗಿ 6ರಿಂದ 8 ವರ್ಷದೊಳಗೆ ಬದಲಾಗುತ್ತವೆ. ಬಿದ್ದದ್ದು ಹಾಲುಹಲ್ಲಾದರೆ ವಾಪಸ್ ಕೂರಿಸಬೇಡಿ. ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ. ಆದರೂ ಡಾಕ್ಟರಿಗೆ ತೋರಿಸಿ.

ಶಾಶ್ವತ ಹಲ್ಲಾದರೆ, ಬೇರು ಮುಟ್ಟದೆ ಎತ್ತಿಕೊಳ್ಳಿ. ಎಲ್ಲರೂ ಎಡವುವುದು ಇಲ್ಲೇ. ಬಾಯಲ್ಲಿ ಕಾಣುವ ಬಿಳಿ ಭಾಗವನ್ನು ಮಾತ್ರ ಹಿಡಿಯಬೇಕು. ಬೇರಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಜೀವಂತ ಪೊರೆ ಇರುತ್ತದೆ. ಹಲ್ಲು ಮತ್ತೆ ಮೂಳೆಗೆ ಅಂಟಿಕೊಳ್ಳುವುದು ಅದರಿಂದಲೇ. ಉಜ್ಜಿದರೆ ಅದು ಹರಿದು ಹೋಗುತ್ತದೆ, ಒಣಗಿದರೆ ಸಾಯುತ್ತದೆ. ಅರ್ಧ ಗಂಟೆಯೊಳಗೆ ಹಲ್ಲು ಜಾಗಕ್ಕೆ ಮರಳಿದರೆ ಒಳ್ಳೆಯ ಆಸೆ ಇಟ್ಟುಕೊಳ್ಳಬಹುದು. ಒಂದು ಗಂಟೆ ಒಣಗಿ ಬಿದ್ದಿದ್ದರೆ ಆಸೆ ತೀರಾ ಕಡಿಮೆ. ಮಣ್ಣಾಗಿದ್ದರೆ ತಣ್ಣನೆಯ ಹಾಲು ಸುರಿದು ಅಲ್ಲಾಡಿಸಿ. ಹಾಲಿಲ್ಲದಿದ್ದರೆ ನಲ್ಲಿ ನೀರಿಗೆ ಹತ್ತು ಸೆಕೆಂಡು ಹಿಡಿಯಿರಿ, ಅಷ್ಟು ಸಾಕು. ಸೋಪು, ಡೆಟಾಲ್ ಯಾವುದೂ ಬೇಡ.

ಈಗ ಧೈರ್ಯ ಮಾಡಬೇಕು. ಪಕ್ಕದ ಹಲ್ಲು ನೋಡಿಕೊಂಡು ಹಿಂದುಮುಂದು ಸರಿಯಾಗಿದೆಯಾ ಗಮನಿಸಿ. ಹಲ್ಲು ಕಿತ್ತು ಬಂದ ಗುಳಿಯೊಳಕ್ಕೇ ಅದನ್ನು ಮೆಲ್ಲಗೆ ಒತ್ತಿ. ಸ್ವಚ್ಛ ಕರ್ಚೀಫನ್ನು ಮಡಿಸಿ ಕೊಟ್ಟು ಕಚ್ಚಿ ಹಿಡಿಯಲು ಹೇಳಿ. ಮನೆಯವರ ಕೈ ನಡುಗುತ್ತದೆ, ನನಗೆ ಗೊತ್ತು. ಆದರೂ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ.

ಆಗಲೇ ಇಲ್ಲವೆಂದರೆ ಹಾಲಿನಲ್ಲಿ ಮುಳುಗಿಸಿಡಿ. ಮುಂಬಯಿಯಲ್ಲಿ ಹಾಲಿಗೇನು ಬರ? ಬೀದಿಗೊಂದು ಚಹಾ ಟಪರಿ ಇದೆ ಅಲ್ವಾ. "ದಾದಾ, ಥೋಡಂ ಥಂಡ ದೂಧ್ ದ್ಯಾ" (ಅಣ್ಣಾ, ಸ್ವಲ್ಪ ತಣ್ಣನೆಯ ಹಾಲು ಕೊಡಿ) ಎಂದು ಕೇಳಿ. ಪ್ಯಾಕೆಟ್‌ನಿಂದ ಆಗಷ್ಟೇ ತೆಗೆದ, ಕಾಯಿಸದ, ಸಕ್ಕರೆ ಹಾಕದ ಹಾಲಿರಲಿ. ಮುಚ್ಚಳವಿರುವ ಸ್ಟೀಲ್ ಡಬ್ಬಿ ಸಿಕ್ಕರೆ ಇನ್ನೂ ಒಳ್ಳೆಯದು. ಹಾಲೂ ಇಲ್ಲವೆಂದರೆ ಗಾಯವಾದವರೇ ಲೋಟಕ್ಕೆ ಉಗುಳಲಿ, ಆ ಎಂಜಲಿನಲ್ಲೇ ಇಡಿ. ನೀರಿನಲ್ಲಿ ನೆನೆಸಿಡಬೇಡಿ, ಆ ಪೊರೆ ನೀರಿನಲ್ಲಿ ಹಾಳಾಗುತ್ತದೆ.

ಹೊರಡುವ ಮುಂಚೆ ಫೋನ್ ಮಾಡಿ. ಡಾಕ್ಟರ್ ಇದ್ದಾರಾ ಅಂತ ಕೇಳಿಕೊಳ್ಳಿ. ಟ್ರಾಫಿಕ್ ಜಾಸ್ತಿ ಇರುವ ಹೊತ್ತಿನಲ್ಲಿ ಟ್ಯಾಕ್ಸಿಗಿಂತ ಲೋಕಲ್ ರೈಲೇ ಬೇಗ ತಲುಪಿಸುತ್ತದೆ. ಖರ್ಚಿನ ಚಿಂತೆ ಇರುವವರಿಗೆ ಮುಂಬಯಿ ಸೆಂಟ್ರಲ್‌ನಲ್ಲಿ ನಾಯರ್ ದಂತ ಕಾಲೇಜಿದೆ, ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರ ಸರ್ಕಾರಿ ದಂತ ಕಾಲೇಜಿದೆ. ಭಾನುವಾರ ಮತ್ತು ರಾತ್ರಿ ಹೊತ್ತು ನಿಮ್ಮ ಏರಿಯಾದಲ್ಲಿ ಯಾರು ಸಿಗುತ್ತಾರೆ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಡಾಕ್ಟರು ಹಲ್ಲನ್ನು ಪಕ್ಕದ ಹಲ್ಲುಗಳಿಗೆ ಸೇರಿಸಿ ಸುಮಾರು ಎರಡು ವಾರ ಕಟ್ಟಿಡುತ್ತಾರೆ. ಟಿಟಿ ಇಂಜೆಕ್ಷನ್ ಬೇಕಾ ಎಂದು ನೀವೇ ಕೇಳಿ.

ಹಲ್ಲಿನ ತುಂಡು ಮುರಿದಿದ್ದರೆ ಅದನ್ನೂ ಹಾಲಿನಲ್ಲಿ ತನ್ನಿ. ಕ್ಯಾಪ್ ಕಳಚಿದರೆ ಅಂಗಡಿಯ ಗಮ್ ಹಾಕಿ ಅಂಟಿಸಲೇಬೇಡಿ. ಹಾಗೆ ಅಂಟಿಸಿಕೊಂಡು ಬಂದವರ ಒಸಡು ಸುಟ್ಟದ್ದನ್ನು ಕಂಡಿದ್ದೇನೆ. ಹಲ್ಲು ಕೀಳಿಸಿದ ಮೇಲೆ ರಕ್ತ ನಿಲ್ಲದಿದ್ದರೆ ಸ್ವಚ್ಛ ಗಾಜ್ ಬಟ್ಟೆಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ, ಉಗುಳಬೇಡಿ. ಆಮೇಲೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ನೋವಿಗೆ ಆಸ್ಪಿರಿನ್ ಗುಳಿಗೆಯನ್ನು ಒಸಡಿಗೆ ಒತ್ತಿಟ್ಟುಕೊಳ್ಳುವವರಿದ್ದಾರೆ, ಅದೂ ಸುಡುತ್ತದೆ. ಇನ್ನು ಮಶೇರಿ! ಅದು ಸುಟ್ಟ ತಂಬಾಕು, ಔಷಧಿ ಅಲ್ಲ. ಅಜ್ಜಿ ಹಚ್ಚುತ್ತಿದ್ದರು ಅಂತ ನೀವು ಹಚ್ಚಬೇಡಿ.

ಕೊನೆಯದಾಗಿ ಬಾವು. ಜನ ಇದನ್ನೇ ಸುಮ್ನೆ ಬಿಡುತ್ತಾರೆ. ಹಲ್ಲುನೋವಿಗೆ ಮೆಡಿಕಲ್‌ನಿಂದ ಕೈಗೆ ಸಿಕ್ಕ ಆಂಟಿಬಯೋಟಿಕ್ ತಂದು ನುಂಗಿ, ಕೆನ್ನೆಗೆ ಬಿಸಿ ಶಾಖ ಕೊಟ್ಟು ವಾರಗಟ್ಟಲೆ ತಳ್ಳುತ್ತಾರೆ. ಒಳಗಿನ ಕೀವು ಹಾಗೆಯೇ ಉಳಿಯುತ್ತದೆ. ಕೆನ್ನೆಯ ಬಾವು ಕುತ್ತಿಗೆಗೋ ಕಣ್ಣಿನ ಕಡೆಗೋ ಹರಡಿದರೆ, ಜ್ವರದ ಜೊತೆ ಬಾಯಿ ತೆರೆಯಲು ಆಗದಿದ್ದರೆ, ಎಂಜಲು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಬೆಳಗಾಗುವ ತನಕ ಕಾಯಬೇಡಿ. ಅದು ಜೀವಕ್ಕೇ ಕುತ್ತು. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಯಾನ್, ಕೆಇಎಂನಂಥ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ನೇರ ಹೋಗಿ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ, ಬಾಗಿಲಲ್ಲೇ ಅದನ್ನು ಹೇಳಿಬಿಡಿ.