ಇಂಗ್ಲೆಂಡಿನಲ್ಲಿ ಹಳೆಯ ಕಾರು: ಸ್ಟಿಯರಿಂಗ್ ಹಿಡಿಯುವ ಮೊದಲು ಎಂಒಟಿ ತಪಾಸಣೆಯ ದಾಖಲೆ ಓದಿ

ಶಿವಮೊಗ್ಗದ ಕಡೆಯಿಂದ ಇಂಗ್ಲೆಂಡಿಗೆ ಹೋದವರ ಹಳೆಯ ಕಾರಿನ ಚರ್ಚೆ ಬಹುತೇಕ ಎರಡು ಹೆಸರುಗಳಿಗೆ ಬಂದು ನಿಲ್ಲುತ್ತದೆ: ಫೋರ್ಡ್ ಫಿಯೆಸ್ಟಾ, ಹೋಂಡಾ ಜಾಝ್. ಎರಡನ್ನೂ ಊರಿನಲ್ಲಿ ಕಂಡವರೇ, ಪರಿಚಯ ಬೇಡ. ತಿರುವಿನಲ್ಲಿ ಫಿಯೆಸ್ಟಾವೇ ಮೇಲು. ಸ್ಟಿಯರಿಂಗ್ ಅಲುಗಿದೊಡನೆ ಮೂತಿ ತಿರುಗುತ್ತದೆ. ಒಂದು ಲೀಟರಿನ ಟರ್ಬೊ ಎಂಜಿನ್ ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ. ಜಾಝ್‌ನ 1.3 ಎಂಜಿನ್ ಏರು ಹತ್ತಬೇಕಾದರೆ ಗೇರ್ ಇಳಿಸಿ ಕೂಗಿಸಬೇಕು. ಆದರೆ ಹಿಂದಿನ ಸೀಟು ಮಡಚಿದರೆ ಅಡಿಕೆ ಮೂಟೆಗಳನ್ನೇ ಹೇರಬಹುದು.

ಇದೆಲ್ಲ ಹೊಸ ಕಾರಿನ ಮಾತು. ಹತ್ತು ವರ್ಷ ಓಡಿದ ಎರಡು ಗಾಡಿಗಳನ್ನು ಹೋಲಿಸುವವರು ನಿಜಕ್ಕೂ ಹೋಲಿಸುವುದು ಅವುಗಳ ಟೈರು, ಬುಷ್ (ಸಸ್ಪೆನ್ಷನ್ ಕೀಲುಗಳ ರಬ್ಬರ್), ಸ್ಪ್ರಿಂಗುಗಳನ್ನು. ಆಗುಂಬೆ ಘಾಟಿ ಇಳಿಸಿದ ಕೈಗೆ ಇದೆಲ್ಲ ತಾನಾಗಿ ತಿಳಿಯುತ್ತದೆ ಎಂಬ ಧೈರ್ಯ ನಮ್ಮ ಹುಡುಗರಿಗೆ. ತಿಳಿಯುವುದಿಲ್ಲ.

ಮಾರುವವರು ‘ಈಗಷ್ಟೇ ಎಂಒಟಿ ಆಗಿದೆ’ ಎಂದರೆ ಸಾಕು, ನಮ್ಮವರು ಹಣ ಎಣಿಸಲು ತೊಡಗುತ್ತಾರೆ. ಮೂರು ವರ್ಷ ತುಂಬಿದ ಕಾರಿಗೆ ಪ್ರತಿವರ್ಷ ನಡೆಯುವ ಕಡ್ಡಾಯ ತಪಾಸಣೆ ಅದು. ಪಾಸಾಗಿದೆ ಎಂದರೆ ಆ ದಿನದ ಮಟ್ಟಿಗೆ ಪಾಸಾಗಿದೆ, ಅಷ್ಟೇ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗಳ ಸ್ಥಿತಿ ಅದರ ವ್ಯಾಪ್ತಿಗೇ ಬರುವುದಿಲ್ಲ. ಸರ್ಕಾರಿ ಜಾಲತಾಣದಲ್ಲಿ ಗಾಡಿಯ ನಂಬರ್ ಹಾಕಿದರೆ ಹಿಂದಿನ ತಪಾಸಣೆಗಳ ವಿವರ ಪುಕ್ಕಟೆಯಾಗಿ ಸಿಗುತ್ತದೆ: ಓಡಿದ ಮೈಲಿ, ಫೇಲಾದ ಕಾರಣ, ಮತ್ತು ಯಾರೂ ಓದದ ‘ಅಡ್ವೈಸರಿ’ ಸಾಲುಗಳು, ಅಂದರೆ ಫೇಲ್ ಮಾಡುವಷ್ಟಿಲ್ಲದಿದ್ದರೂ ಗಮನಿಸಬೇಕಾದ ದೋಷಗಳು. ‘ಎಡ ಮುಂದಿನ ಟೈರ್ ಮಿತಿಗೆ ಸಮೀಪ’, ‘ಸಸ್ಪೆನ್ಷನ್ ಆರ್ಮಿನ ಬುಷ್ ಸವೆದಿದೆ’, ‘ಸ್ಪ್ರಿಂಗಿಗೆ ತುಕ್ಕು’. ಇಂಥ ಒಂದೇ ಸಾಲು ವರ್ಷವರ್ಷವೂ ಮರುಕಳಿಸಿದ್ದರೆ ಹಿಂದಿನ ಯಜಮಾನ ಕೈಯನ್ನೇ ಹಾಕಿಲ್ಲ ಎಂದು ತಿಳಿಯಿರಿ.

ಸಾಗರದ ಕಡೆಯ ಹುಡುಗನೊಬ್ಬ ಎರಡೂ ಕಾರು ಓಡಿಸಿ ನೋಡಿ, ಜಾಝ್ ತಿರುವಿನಲ್ಲಿ ತೇಲುತ್ತದೆ ಎಂದು ಬಿಟ್ಟು ಬಂದ. ಅದರ ಎಂಒಟಿ ಪುಟದಲ್ಲಿದ್ದ ದೂರು ಹಿಂದಿನ ಎರಡು ಟೈರುಗಳದ್ದು ಮಾತ್ರ, ಬದಲಾಯಿಸಿದ್ದರೆ ಮುಗಿಯುತ್ತಿತ್ತು. ಹಿಡಿತ ಚೆನ್ನಾಗಿದೆ ಎಂದು ಅವನು ಕೊಂಡ ಫಿಯೆಸ್ಟಾಕ್ಕೆ ಮಾರಾಟಗಾರ ಹೊಸ ಟೈರು ತೊಡಿಸಿದ್ದ. ಬುಷ್ ಸವೆದಿರುವುದು ಸತತ ಮೂರು ತಪಾಸಣೆಗಳಲ್ಲಿ ದಾಖಲಾಗಿತ್ತು. ಮುಂದಿನ ಎಂಒಟಿಯಲ್ಲಿ ಅದಕ್ಕೇ ಫೇಲ್, ಖರ್ಚು ಅವನ ತಲೆಗೆ. ಸವೆದ ಟೈರನ್ನೂ ಹಗುರವಾಗಿ ಕಾಣಬೇಡಿ: ಟೈರಿನ ಗೀರುಗಳ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಒಂದೊಂದು ಟೈರಿಗೂ 2,500 ಪೌಂಡ್‌ವರೆಗೆ ದಂಡ, ಲೈಸೆನ್ಸಿನ ಮೇಲೆ ಶಿಕ್ಷೆಯಾಗಿ ಮೂರು ಪಾಯಿಂಟ್.

ಹಳೆಯ ಫಿಯೆಸ್ಟಾದ ಆ ಟರ್ಬೊ ಎಂಜಿನ್ನಿನ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಒಳಭಾಗಗಳನ್ನು ತಾಳಕ್ಕೆ ಸರಿಯಾಗಿ ತಿರುಗಿಸುವ ಪಟ್ಟಿ) ಎಣ್ಣೆಯೊಳಗೇ ಓಡುವಂಥದ್ದು, ಎಣ್ಣೆ ಹಳತಾದರೆ ಅದೂ ಹಾಳಾಗುತ್ತದೆ. ಕಾಲಕಾಲಕ್ಕೆ ಆಯಿಲ್ ಬದಲಾಯಿಸಿದ ದಾಖಲೆ ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಜಾಝ್‌ನದು ಚೈನು, ಆ ತಲೆನೋವಿಲ್ಲ.

ಎಂಒಟಿಯ ಈ ಬಹಿರಂಗ ದಾಖಲೆಯ ಪದ್ಧತಿ ನಮ್ಮ ಆರ್‌ಟಿಒ ವ್ಯವಸ್ಥೆಗಿಂತ ಎಷ್ಟೋ ವಾಸಿ. ನಮ್ಮಲ್ಲಿ ಸ್ವಂತ ಕಾರಿನ ನೋಂದಣಿಗೆ 15 ವರ್ಷ ತುಂಬುವವರೆಗೆ ಯಾರೂ ಬಗ್ಗಿ ನೋಡುವುದಿಲ್ಲ. ರಸ್ತೆ ತೆರಿಗೆಯಲ್ಲಿ ಮಾತ್ರ ಕರ್ನಾಟಕಕ್ಕೇ ನನ್ನ ಮತ. ಇಲ್ಲಿ ಒಮ್ಮೆ ಕಟ್ಟಿದ ಜೀವಾವಧಿ ತೆರಿಗೆ ಗಾಡಿಯ ಜೊತೆಗೇ ಹೋಗುತ್ತದೆ. ಅಲ್ಲಿ 2014ರ ಅಕ್ಟೋಬರ್‌ನಿಂದ ಕಾರು ಕೈಬದಲಾದೊಡನೆ ಹಳೆಯ ತೆರಿಗೆ ಮುಗಿಯುತ್ತದೆ. ಮಾರುವವರ ಮನೆಯ ಮುಂದೆಯೇ ಮೊಬೈಲಿನಲ್ಲಿ ತೆರಿಗೆ ಕಟ್ಟಿ, ಆಮೇಲೆ ಹೊರಡಿ. ವಿಮೆ ಅದಕ್ಕೂ ಮೊದಲು, ಓಡಿಸಿ ನೋಡುವ ಹೊತ್ತಿಗೇ ಇರಬೇಕು. ಇಲ್ಲದೆ ಸಿಕ್ಕಿಬಿದ್ದರೆ ಆರು ಪಾಯಿಂಟ್.